ರೇಡಿಯೋ ಬಾಯಿ ಮುಚ್ಚಿದ ದಿನ

ಜೀವನದಲ್ಲಿ ಗುರಿ ಇಲ್ಲದಿರುವುದು ಅಷ್ಟೇನೂ ದೊಡ್ಡ ತಪ್ಪಲ್ಲ. ಮುಕ್ಕಾಲು ಪಾಲು ಜನ ಗುರಿಯಿಲ್ಲದೆಯೇ ಉಂಡು ಮಲಗಿ ಸುಖವಾಗಿದ್ದಾರೆ. ಆದರೆ ತುಂಬಿದ ಸಭೆಯಲ್ಲಿ ಒಬ್ಬೊಬ್ಬರೇ ಎದ್ದು ತಮ್ಮ ಗುರಿ ಹೇಳುತ್ತಿರುವಾಗ, ತನ್ನ ಸರದಿ ಬಂದು ಬಾಯಿ ಒಣಗಿದರೆ ಮಾತ್ರ ಅದು ತಪ್ಪಾಗಿಬಿಡುತ್ತದೆ. ಸಲೂನಿನ ರೇಡಿಯೋಗೆ ಆದದ್ದು ಇದೇ.

ರೇಡಿಯೋ ಎಂಬುದು ಅವನಿಗೆ ಗಿರಾಕಿಗಳು ಇಟ್ಟ ಹೆಸರು. ಕುರ್ಚಿಯಲ್ಲಿ ಕೂತವರ ಕುತ್ತಿಗೆಗೆ ಬಟ್ಟೆ ಕಟ್ಟಿದ ಕೂಡಲೇ ಅವನ ಪ್ರಸಾರ ಶುರುವಾಗುತ್ತಿತ್ತು. ಯಾರ ಮನೆಯಲ್ಲಿ ಅತ್ತೆ ಸೊಸೆ ಮಾತು ಬಿಟ್ಟಿದ್ದಾರೆ, ಯಾರ ಮಗ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದಿದ್ದಾನೆ, ಎಲ್ಲ ಗಲ್ಲಕ್ಕೆ ಸೋಪು ಹಚ್ಚುವಷ್ಟರಲ್ಲಿ ಮುಗಿಯುತ್ತಿತ್ತು. ಕೆಟ್ಟ ಮನಸ್ಸಿನವನಲ್ಲ. ಬಾಯಿಗೆ ಬಾಗಿಲಿಲ್ಲ, ಅಷ್ಟೇ.

ಶುಕ್ರವಾರ ಸಂಜೆ ಚರ್ಚಿನ ಪ್ರಾರ್ಥನಾ ಕೂಟದಲ್ಲಿ ಪಾದ್ರಿಗಳು ಹೇಳಿದ್ದರು: "ಗುರಿ ಅಂದ್ರೆ ಮನೆ ಕಟ್ಟೋದು, ಗಾಡಿ ತಗೊಳ್ಳೋದು ಅಂದ್ಕೋಬೇಡಿ. ಅದೆಲ್ಲ ಆಸೆ. ದೇವರು ನನ್ನನ್ನ ಈ ಬೀದೀಲಿ, ಈ ಕೆಲಸದಲ್ಲಿ ಯಾಕೆ ಇಟ್ಟಿದ್ದಾನೆ, ಅದಕ್ಕೆ ನನ್ನಲ್ಲೇ ಇರೋ ಅಡ್ಡಿ ಏನು ಅಂತ ಹುಡುಕಿ. ಅದನ್ನ ತೆಗೆಯೋದೇ ಜೀವನದ ಗುರಿ. ಒಂದೇ ಒಂದು ಸಾಕು. ಇಲ್ಲೇ ಎದ್ದು ಹೇಳಿ. ನಾಳೆ ಸಂಜೆ ಬಂದು ಮೊದಲನೇ ದಿನ ಹೇಗಾಯ್ತು ಅಂತ ಸಾಕ್ಷಿ ಕೊಡಿ."

ಆ ಸಭೆಯಲ್ಲಿ ಇನ್ನೊಂದು ಪದ್ಧತಿ ಇತ್ತು. ಯಾರು ಗುರಿ ಹೇಳಿದರೂ ಅವರಿಗೆ ಸಭೆಯಿಂದಲೇ ಒಬ್ಬರನ್ನು ಕಾವಲಿಗೆ ಹಾಕುತ್ತಿದ್ದರು. ಕಾವಲಿನವರು ಪ್ರಾರ್ಥಿಸಬಹುದು, ಎಚ್ಚರಿಸಬಹುದು, ಬೇಕಾದರೆ ಪರೀಕ್ಷೆಯನ್ನೂ ಮಾಡಬಹುದು. ಹೆಚ್ಚಿನವರು ಮೊದಲೆರಡನ್ನು ಬಿಟ್ಟು ನೇರ ಮೂರನೆಯದಕ್ಕೇ ಕೈ ಹಾಕುತ್ತಿದ್ದರು.

ರೇಡಿಯೋ 'ದಿನಾ ಬೆಳಿಗ್ಗೆ ಬೇಗ ಎದ್ದು ಪ್ರಾರ್ಥನೆ' ಎಂದು ಮನಸ್ಸಿನಲ್ಲೇ ತಯಾರಿ ಮಾಡಿಕೊಂಡು ಕೂತಿದ್ದ. ಮುಂದಿನ ಬೆಂಚಿನ ದರ್ಜಿ ಎದ್ದು ಅದನ್ನೇ ಹೇಳಿಬಿಟ್ಟ. ಹಿಂದೆಯೇ ಬೇಕರಿಯವನೂ ಅದನ್ನೇ ಹೇಳಿದ. ರೇಡಿಯೋ ಎದ್ದು ನಿಂತು ಕೈ ಹೊಸಕಿದ. ಎದುರಿನ ಹೆಂಗಸರ ಸಾಲಿನಿಂದ ಹೆಂಡತಿ ತನ್ನ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು.

"ನಾನು... ಯಾರ ವಿಷಯಾನೂ ಕೆಟ್ಟದಾಗಿ ಮಾತಾಡಲ್ಲ," ಎಂದ.

"ಕೆಟ್ಟದಾಗಿ ಮಾತ್ರ ಅಲ್ಲ!" ಎಂದು ಟೀಚರಮ್ಮ ಎದ್ದರು. ನಿವೃತ್ತ ಮುಖ್ಯೋಪಾಧ್ಯಾಯಿನಿ. ಅರ್ಧ ಸಭೆಯ ಕಿವಿ ಹಿಂಡಿ ಬೆಳೆಸಿದವರು. "ಒಳ್ಳೇದನ್ನೂ ಮಾತಾಡಬಾರದು. ನೀನು ಹೊಗಳಿದ್ರೇನೇ ಜಾಸ್ತಿ ಅಪಾಯ. ನಿನ್ನ ಬಾಮೈದನ ಕತೆ ಮರೆತುಹೋಯ್ತಾ?"

ಯಾರೂ ಮರೆತಿರಲಿಲ್ಲ. ಅವನ ಬಾಮೈದ ನೀರಿನ ಪಂಪು ರಿಪೇರಿ ಮಾಡುವವನು. ಹಿಂದೊಮ್ಮೆ ಒಂದು ಒಳ್ಳೆಯ ಸಂಬಂಧ ಕೂಡಿ ಬಂದಿತ್ತು. ಹೆಣ್ಣಿನ ಸೋದರಮಾವ ವಿಚಾರಿಸಲು ಬಂದಾಗ ರೇಡಿಯೋ ಮನಸಾರೆ ಹೊಗಳಿದ್ದ: "ನಮ್ಮ ಹುಡುಗ ಚಿನ್ನ ಸಾರ್. ಸಿಟ್ಟು ಅನ್ನೋದೇ ಇಲ್ಲ. ಒಂದ್ಸಲ ಪಂಪಿನ ಕರೆಂಟು ಹೊಡೆದು ಎರಡು ದಿನ ಎಚ್ಚರ ಇರ್ಲಿಲ್ಲ. ಎದ್ದಮೇಲೂ ಒಂದು ಮಾತು ಬೈಲಿಲ್ಲ. ಅವತ್ತಿಂದ ಇನ್ನೂ ಶಾಂತ. ಕರೆದರೂ ಒಂದೊಂದ್ಸಲ ತಿರುಗಿ ನೋಡಲ್ಲ, ಅಷ್ಟು ಶಾಂತ." ಸೋದರಮಾವ ಅರ್ಧ ಕ್ಷೌರದಲ್ಲೇ ಎದ್ದು ಹೋದ. ಸಂಬಂಧವೂ ಅವನ ಹಿಂದೆಯೇ ಹೋಯಿತು.

"ಒಳ್ಳೇದಾಗಲಿ ಕೆಟ್ಟದ್ದಾಗಲಿ, ಯಾರ ವಿಷಯಾನೂ ಆಡಲ್ಲ," ಎಂದು ರೇಡಿಯೋ ತಿದ್ದಿ ಹೇಳಿದ. ಸಭೆ ಆಮೆನ್ ಎಂದಿತು. ಕಾವಲಿಗೆ ಟೀಚರಮ್ಮನೇ ನಿಂತರು.

ಶನಿವಾರ ಬೆಳಿಗ್ಗೆ ಹೆಂಡತಿ ಚಹಾದ ಲೋಟವನ್ನು ಕೈಗೆ ಕೊಡುವಾಗ ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ಇವತ್ತು ಸಂಜೆ ಹೊಸ ಸಂಬಂಧದವರು ಚರ್ಚಿಗೇ ಬರ್ತಾರೆ. ಐದು ಗಂಟೆ ಬಸ್ಸಿಗೆ. ಕೂಟ ಮುಗಿದ ಮೇಲೆ ಮಾತುಕತೆ. ಅಪ್ಪ ಅಮ್ಮ ಹೋದಮೇಲೆ ತಮ್ಮನನ್ನ ಎತ್ತಿ ಸಾಕಿದ್ದು ನಾನು. ಆಸ್ಪತ್ರೆ ಪಂಪು ಸರಿಮಾಡೋಕೆ ಹೋದಾಗ ಆ ನರ್ಸ್ ಹುಡುಗೀನ ನೋಡಿದ್ದಾನೆ, ಅವಳೂ ನೋಡಿದ್ದಾಳೆ. ಇದೂ ತಪ್ಪಿದ್ರೆ ಮದುವೇನೇ ಬೇಡ ಅಂತಾನೆ ಅವನು. ಇದೊಂದು ದಿನ ರೀ. ನಿಮಗೆ ಕೈ ಮುಗೀತೀನಿ."

"ನೋಡ್ತಾ ಇರು. ಇವತ್ತು ನನ್ನ ಬಾಯಿ ತೆಗೆಸೋಕೆ ಯಾರ ಕೈಲೂ ಆಗಲ್ಲ," ಎಂದ ರೇಡಿಯೋ. ಅವನಿಗೂ ಆ ಹುಡುಗನೆಂದರೆ ಜೀವ. ಬಾಮೈದನ ಮೊದಲ ಮೀಸೆಯನ್ನು ಟ್ರಿಮ್ ಮಾಡಿದ್ದು ಅವನೇ. ಹಿಂದಿನ ಸಂಬಂಧ ಮುರಿದ ರಾತ್ರಿ ಹುಡುಗ ಊಟ ಬಿಟ್ಟು ಮಲಗಿದ್ದನ್ನು ಅವನು ಇನ್ನೂ ಮರೆತಿರಲಿಲ್ಲ.

ಅಂಗಡಿ ತೆರೆದ ಕೂಡಲೇ ಬೇಕರಿಯವನು ಶೇವಿಂಗಿಗೆ ಬಂದ. ಕುರ್ಚಿಗೆ ಒರಗಿ, "ಏನಪ್ಪಾ, ಏನು ಸಮಾಚಾರ?" ಎಂದ.

"ಫ್ಯಾನಿಗೆ ಎಣ್ಣೆ ಬಿಡಬೇಕು," ಎಂದ ರೇಡಿಯೋ.

"ಅದಲ್ಲ. ಬೀದಿ ಸಮಾಚಾರ."

"ಇವತ್ತು ಮೋಡ ಇದೆ."

ಬೇಕರಿಯವನು ಕನ್ನಡಿಯಲ್ಲಿ ಅವನ ಮುಖ ನೋಡಿದ. ನಿನ್ನೆಯ ಪ್ರತಿಜ್ಞೆಯನ್ನು ಅವನೂ ಕೇಳಿದ್ದ. ಆದರೆ ಅದನ್ನು ಯಾರೂ ಅಷ್ಟೇನೂ ನಂಬಿರಲಿಲ್ಲ. ಪ್ರತಿಜ್ಞೆ ಮಾಡಿದ ಮಾತ್ರಕ್ಕೆ ರೇಡಿಯೋ ಸುಮ್ಮನಿರುತ್ತಾನೆಯೇ? ಸುಮ್ಮನಿದ್ದಾನೆ ಎಂದರೆ ಕುರ್ಚಿಯಲ್ಲಿ ಕೂತವನ ಬಗ್ಗೆಯೇ ಏನೋ ಗೊತ್ತಾಗಿದೆ ಎಂದರ್ಥ. ಕತ್ತಿ ಗಂಟಲ ಹತ್ತಿರ ಬಂದಾಗ ಬೇಕರಿಯವನಿಗೆ ತಡೆಯಲಾಗಲಿಲ್ಲ.

"ಯಾರು ಹೇಳಿದ್ರು ನಿಂಗೆ? ನಮ್ಮ ಒಲೆ ಕೆಲಸದವನಾ? ನೋಡು, ಹಳೇ ಬನ್ನು ಬಿಸಿ ಮಾಡಿ ಸ್ಕೂಲಿಗೆ ಕಳಿಸಿದ್ದು ನಿಜ. ಅದೂ ಯಾವಾಗ್ಲಾದ್ರೂ ಒಂದ್ಸಲ. ಬಿಸಿ ಮಾಡಿದ್ರೆ ಹೊಸದೇ ಅಲ್ವಾ?"

ರೇಡಿಯೋ ಬೆಚ್ಚಿದ. ಅವನಿಗೆ ಅದರ ಗಂಧಗಾಳಿಯೂ ಗೊತ್ತಿರಲಿಲ್ಲ. ಇಂಥ ಸುದ್ದಿ ಸಿಕ್ಕಿದ್ದರೆ ಬೇರೆ ದಿನ ಅವನು ಅದನ್ನು ಹಂಚಲು ಮಧ್ಯಾಹ್ನದ ಊಟವನ್ನೇ ಬಿಡುತ್ತಿದ್ದ. ಈಗ ತುಟಿ ಕಚ್ಚಿಕೊಂಡು ಮುಖ ಒರೆಸಿ ಕಳಿಸಿದ.

ಬೇಕರಿಯವನು ನೇರ ದರ್ಜಿಯ ಅಂಗಡಿಗೆ ಹೋದನೆಂದು ಕಾಣುತ್ತದೆ. ಏಕೆಂದರೆ ಸ್ವಲ್ಪ ಹೊತ್ತಿಗೆ ದರ್ಜಿ ಹೆಗಲ ಮೇಲೆ ಅಳತೆ ಟೇಪು ಹಾಕಿಕೊಂಡೇ ಓಡಿಬಂದ. ಕೂದಲು ಕತ್ತರಿಸಿ ವಾರವೂ ಆಗಿರಲಿಲ್ಲ. ಆದರೂ ಕುರ್ಚಿ ಹತ್ತಿ ಕೂತ.

ಇಲ್ಲಿ ರೇಡಿಯೋನ ಕೆಲಸದ ಒಂದು ಗುಟ್ಟು ಹೇಳಬೇಕು. ಅವನ ಕತ್ತರಿ ನಡೆಯುತ್ತಿದ್ದದ್ದೇ ಮಾತಿನ ಲಯಕ್ಕೆ. ಒಂದು ವಾಕ್ಯಕ್ಕೆ ನಾಲ್ಕು ಕಚಕಚ, ವಾಕ್ಯ ಮುಗಿದಾಗ ಬಾಚಣಿಗೆಯ ಒಂದು ಎಳೆತ. ಮಾತು ನಿಂತದ್ದೇ ಕೈ ದಾರಿ ತಪ್ಪಿತು. ದರ್ಜಿಯ ಬಲಗಡೆಯ ಕಿವಿಯ ಮುಂದಿನ ಕೂದಲು ಅರ್ಧಕ್ಕೇ ಹೋಯಿತು. ಸಮ ಮಾಡಲು ಎಡಗಡೆಯದನ್ನು ತೆಗೆದ, ಅದು ಇನ್ನೂ ಮೇಲೆ ಹೋಯಿತು. ಹೀಗೆ ಎರಡೂ ಕಡೆ ಪೈಪೋಟಿಯಲ್ಲಿ ಮೇಲಕ್ಕೆ ಹತ್ತುತ್ತಾ ಹೋದವು. ದರ್ಜಿ ಕನ್ನಡಿ ನೋಡಿದ. ಇದು ಬೇಕೆಂದೇ ಕೊಟ್ಟ ಶಿಕ್ಷೆ ಎಂದು ತಿಳಿದ.

"ಮಾರಾಯಾ, ನಿಲ್ಸು! ಹೇಳ್ಬಿಡ್ತೀನಿ. ಗಾಯನ ತಂಡದ ನಿಲುವಂಗಿ ಬಟ್ಟೇಲಿ ಉಳಿಸಿ ನನ್ನ ಮಗನಿಗೆ ಪ್ಯಾಂಟು ಹೊಲಿದೆ. ಉಳಿಸೋಕೋಸ್ಕರ ಎಲ್ಲರ ತೋಳೂ ಗಿಡ್ಡ ಮಾಡಿದೆ. ಹೋದ ಭಾನುವಾರ ಅವರು ಕೈ ಎತ್ತಿ ಹಾಡಿದಾಗ ನಂಗೆ ಜೀವವೇ ಹೋಯ್ತು. ಸಾಕಾ? ಯಾರಿಗೂ ಹೇಳ್ಬೇಡ."

ರೇಡಿಯೋನ ಹೊಟ್ಟೆ ಉಬ್ಬಿದಂತಾಯಿತು. ಎರಡು ಸುದ್ದಿಗಳು ಒಳಗೆ ಸೇರಿ ಕುದಿಯತೊಡಗಿದ್ದವು. ಅವನು ಒಂದು ಚೊಂಬು ನೀರು ಕುಡಿದು ಬಾಗಿಲಲ್ಲಿ ನಿಂತು ಉಸಿರು ಬಿಟ್ಟ.

ಇಷ್ಟರಲ್ಲಿ ಪರೀಕ್ಷೆಗಳು ಶುರುವಾದವು. ಟೀಚರಮ್ಮ ಸುಮ್ಮನೆ ಕೂರುವ ಹೆಂಗಸಲ್ಲ. ಮೊದಲು ಒಬ್ಬ ಕನ್ನಡಕದ ಯುವಕ ಬಂದು, "ಈ ಪಾದ್ರಿಗಳ ಉಪದೇಶ ಸ್ವಲ್ಪ ಉದ್ದ ಅಲ್ವಾ?" ಎಂದ. ರೇಡಿಯೋ ಸೋಪು ಕಲಸಿದ. ಆಮೇಲೆ ಪಕ್ಕದ ಬೀದಿಯ ಮುದುಕರೊಬ್ಬರು ಬಂದು, "ಟೀಚರಮ್ಮ ಬಲು ಜೋರಂತಲ್ಲ?" ಎಂದರು. ರೇಡಿಯೋ ಫ್ಯಾನಿನ ವಿಷಯ ಎತ್ತಿದ. ಮುದುಕರು ಹೊರಗೆ ಹೋಗಿ ರಸ್ತೆಯ ಆಚೆ ನಿಂತಿದ್ದ ಟೀಚರಮ್ಮನಿಗೆ ಕೈಯಲ್ಲಿ 'ಇಲ್ಲ' ಎಂದು ಸನ್ನೆ ಮಾಡಿದ್ದನ್ನು ರೇಡಿಯೋ ಕನ್ನಡಿಯಲ್ಲೇ ನೋಡಿದ. ಅವನಿಗೆ ಹುರುಪು ಬಂತು. ಇದು ಪರೀಕ್ಷೆಯಾದರೆ ತಾನು ಫಸ್ಟ್ ಕ್ಲಾಸು ಎಂದುಕೊಂಡ.

ಮಧ್ಯಾಹ್ನ ಟೀಚರಮ್ಮನೇ ಒಳಗೆ ಬಂದರು.

"ಪರವಾಗಿಲ್ಲ, ಇಲ್ಲಿ ತನಕ ಪಾಸು."

ರೇಡಿಯೋ ನಕ್ಕು ಸುಮ್ಮನಾದ. ಟೀಚರಮ್ಮ ಕಾದರು. ಅವನು ಮತ್ತೂ ನಕ್ಕ. ಅವರ ಕೈ ತಾನಾಗಿ ತಲೆಯ ಮೇಲೆ ಹೋಯಿತು.

"ಆ ಬಣ್ಣದ ಬಾಟ್ಲಿ ವಿಷಯ ತಾನೇ ಯೋಚನೆ ಮಾಡ್ತಿರೋದು? ನಿನ್ನ ಅಂಗಡಿಯಿಂದ ತರಿಸ್ತೀನಿ ಅಂತ ಯಾರಿಗಾದ್ರೂ ಹೇಳಿದ್ಯಾ? ಈ ವಯಸ್ಸಲ್ಲೂ ಒಂದು ನರೆಗೂದಲಿಲ್ಲ, ಅದು ದೇವರ ಕೃಪೆ ಅಂತ ನಾನು ಹೋದ ವರ್ಷ ಸಾಕ್ಷಿ ಕೊಟ್ಟುಬಿಟ್ಟಿದ್ದೀನಿ."

ಬಾಟಲಿ ಹೋಗುತ್ತಿದ್ದದ್ದು ಅವರ ಮನೆ ಕೆಲಸದವಳ ಕೈಯಲ್ಲಿ, ಅವಳದೇ ಹೆಸರಲ್ಲಿ. ರೇಡಿಯೋಗೆ ಇಂದಿನವರೆಗೂ ಸಂಶಯ ಬಂದಿರಲಿಲ್ಲ. ಮೂರು ಸುದ್ದಿ! ಅದೂ ಒಂದಕ್ಕಿಂತ ಒಂದು ರುಚಿ. ಬಾಯಿ ಬಿಟ್ಟು ತಿರುಗಾಡಿದ ವರ್ಷಗಳಲ್ಲಿ ಸಿಗದಿದ್ದ ಮಾಲು, ಬಾಯಿ ಮುಚ್ಚಿದ ಒಂದೇ ದಿನಕ್ಕೆ ಮನೆ ಬಾಗಿಲಿಗೆ ಬಂದು ಬೀಳುತ್ತಿತ್ತು.

ಟೀಚರಮ್ಮ ಹೋದ ಮೇಲೆ ಒಬ್ಬ ಅಪರಿಚಿತ ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಒಂದು ಚೀಲ. ಗಡ್ಡ ತೆಗೆಯಲು ಹೇಳಿ ಕೂತ. ಸ್ವಲ್ಪ ಹೊತ್ತು ಗೋಡೆ ನೋಡಿ, ಗಂಟಲು ಸರಿಮಾಡಿಕೊಂಡು ಕೇಳಿದ:

"ಇಲ್ಲಿ ಪಂಪು ರಿಪೇರಿ ಮಾಡೋ ಹುಡುಗ ಒಬ್ಬನಿದ್ದಾನಂತೆ. ಚರ್ಚಿಗೆ ಬರ್ತಾನಲ್ಲ, ಅವನು. ಹೇಗೆ ಜನ?"

ರೇಡಿಯೋನ ಕತ್ತಿ ಗಾಳಿಯಲ್ಲೇ ನಿಂತಿತು. ಮರುಕ್ಷಣ ಅವನಿಗೆ ನಗು ಬಂತು. ಭೇಷ್ ಟೀಚರಮ್ಮ! ಬೀದಿಯವರ ಮಾತಿಗೆ ಬೀಳಲಿಲ್ಲವೆಂದು ಈಗ ಬಾಮೈದನನ್ನೇ ಗಾಳಕ್ಕೆ ಸಿಕ್ಕಿಸಿ ಕಳಿಸಿದ್ದಾರೆ. ಮನೆಯವರ ಹೆಸರು ಬಂದರೆ ಬಾಯಿ ತಡೆಯದು ಎಂಬ ಲೆಕ್ಕಾಚಾರ.

"ಇವತ್ತು ಮೋಡ ಇದೆ," ಎಂದ.

"ಬಸ್ ಸ್ಟ್ಯಾಂಡಲ್ಲಿ ವಿಚಾರಿಸಿದೆ. ಇಲ್ಲಿ ಯಾರ ವಿಷಯ ಬೇಕಾದ್ರೂ ಸಲೂನಲ್ಲಿ ಕೇಳಿ, ಅವನು ಏನೂ ಮುಚ್ಚಿಡಲ್ಲ ಅಂದ್ರು."

"ಅಂದಿರ್ತಾರೆ."

"ಕುಡಿತ ಗಿಡಿತ ಇದೆಯಾ?"

ರೇಡಿಯೋ ಮೇಲೆ ನೋಡಿ ನಿಟ್ಟುಸಿರು ಬಿಟ್ಟ.

"ಜಗಳ? ಸಹವಾಸ ದೋಷ?"

ರೇಡಿಯೋ ತುಟಿಯ ಮೇಲೆ ಬೆರಳಿಟ್ಟುಕೊಂಡು ತಲೆಯಾಡಿಸಿದ. ಅಪರಿಚಿತ ಸೋಪಿನ ನೊರೆಯಲ್ಲೇ ಅರ್ಧ ಎದ್ದು ಕೂತ.

"ಒಂದು ಒಳ್ಳೇ ಮಾತಾದ್ರೂ ಹೇಳಬಹುದಲ್ಲ?"

ಈ ಪ್ರಶ್ನೆ ಕಷ್ಟದ್ದಾಗಿತ್ತು. ಒಳ್ಳೆಯ ಮಾತುಗಳು ಗಂಟಲಿನವರೆಗೆ ಬಂದು ಸಾಲುಗಟ್ಟಿ ನಿಂತವು. ರೇಡಿಯೋ ಅವನ್ನೆಲ್ಲ ನುಂಗಿ, ಅಪರಿಚಿತನ ಕಿವಿಯ ಹತ್ತಿರ ಬಗ್ಗಿ, ಕಣ್ಣು ಮಿಟುಕಿಸಿದ.

"ನೀವು ಯಾಕೆ ಬಂದಿದ್ದೀರಿ ಅಂತ ನಂಗೆ ಗೊತ್ತು."

ಅಪರಿಚಿತ ಬಿಳಿಚಿಕೊಂಡ. "ಗೊತ್ತಾಗಿಬಿಡ್ತಾ?"

"ಗೊತ್ತಾಗದೆ ಏನು? ಹೋಗಿ ಹೇಳಿ, ಏನು ಕೇಳಿದ್ರೂ ಆ ಹುಡುಗನ ವಿಷಯ ಇವನು ಬಾಯಿ ಬಿಡಲಿಲ್ಲ ಅಂತ. ದೇವರ ಮೇಲೆ ಭಯ ಇದೆ ನಂಗೆ."

ಅಪರಿಚಿತ ಮುಖ ಒರೆಸಿಕೊಂಡು ಇಳಿದು ಹೋದ. ರೇಡಿಯೋ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡು ತಲೆ ಬಾಚಿಕೊಂಡ. ಇಷ್ಟು ದೊಡ್ಡ ಗುರಿಯನ್ನು ಮೊದಲ ದಿನವೇ ಹೊಡೆದವರು ಈ ಸಭೆಯಲ್ಲಿ ಯಾರೂ ಇರಲಿಕ್ಕಿಲ್ಲ ಎನಿಸಿತು. ಅಂಗಡಿ ಬೇಗ ಮುಚ್ಚಿ ಹೊಸ ಅಂಗಿ ಹಾಕಿಕೊಂಡು ಚರ್ಚಿಗೆ ಹೊರಟ.

ಸಂಜೆ ಹಾಲ್ ತುಂಬಿತ್ತು. ಬಾಮೈದ ಕೂದಲಿಗೆ ನೀರು ಹಚ್ಚಿ ಬಾಚಿಕೊಂಡು, ಉಗುರಿನೊಳಗಿನ ಗ್ರೀಸು ಕಾಣದಂತೆ ಕೈ ಮಡಚಿ ಕೂತಿದ್ದ. ಹೆಂಡತಿ ಗಳಿಗೆಗೊಮ್ಮೆ ಬಾಗಿಲು ನೋಡುತ್ತಿದ್ದಳು. ರೇಡಿಯೋನ ಸರದಿ ಬಂತು.

"ಬೆಳಿಗ್ಗೆಯಿಂದ ಯಾರ ವಿಷಯಾನೂ ಒಂದು ಮಾತು ಆಡಿಲ್ಲ. ಕಾವಲಿನವರನ್ನೇ ಕೇಳಿ."

"ನಿಜ," ಎಂದರು ಟೀಚರಮ್ಮ. "ಇಬ್ಬರನ್ನ ಕಳಿಸಿದ್ದೆ. ಇಬ್ಬರ ಮುಂದೇನೂ ಬಾಯಿ ಬಿಡಲಿಲ್ಲ."

"ಮೂವರು," ಎಂದು ರೇಡಿಯೋ ಹೆಮ್ಮೆಯಿಂದ ತಿದ್ದಿದ. "ಆ ಚೀಲದವರನ್ನ ಮರೆತ್ರಾ?"

"ಯಾವ ಚೀಲದವರು?"

ಚಪ್ಪಾಳೆ ಶುರುವಾಗಿತ್ತು. ಅದರ ನಡುವೆಯೇ ಹಿಂದಿನ ಬಾಗಿಲಿನಿಂದ ಚೀಲ ಹಿಡಿದ ಅಪರಿಚಿತ ಒಳಗೆ ಬಂದ. ಸಂಬಂಧ ತಂದಿದ್ದ ಹಿರಿಯರು ಎದ್ದು, "ಬನ್ನಿ ಬನ್ನಿ, ಇವರೇ ಹುಡುಗಿ ತಂದೆ," ಎಂದು ಎಲ್ಲರಿಗೂ ಪರಿಚಯಿಸಿದರು.

"ಕೂರಲ್ಲ. ಹೇಳಿ ಹೋಗೋಣ ಅಂತ ಬಂದೆ," ಎಂದರು ಹುಡುಗಿಯ ತಂದೆ. "ನಾನು ಬೆಳಗಿನ ಬಸ್ಸಿಗೇ ಬಂದು ವಿಚಾರಿಸಿದೆ. ಎಲ್ಲರ ಸುದ್ದೀನೂ ಹೇಳೋ ಮನುಷ್ಯ ಈ ಹುಡುಗನ ಹೆಸರು ಎತ್ತಿದ ಕೂಡಲೇ ಆಕಾಶ ನೋಡಿದ. ಒಂದು ಒಳ್ಳೇ ಮಾತು ಹೇಳು ಅಂದ್ರೆ ದೇವರ ಭಯ ಇದೆ ಅಂದ. ಈಗ ಹೊರಗೆ ಗೊತ್ತಾಯ್ತು, ಅವನು ಹುಡುಗನ ಸ್ವಂತ ಭಾವನಂತೆ. ಸ್ವಂತ ಭಾವನಿಗೇ ಹೇಳೋಕೆ ಒಂದು ಒಳ್ಳೇ ಮಾತು ಸಿಗದ ಮೇಲೆ ನಾನು ಮಗಳನ್ನ ಹೇಗೆ ಕೊಡಲಿ?"

ಹೆಂಡತಿ ತಿರುಗಿ ನೋಡಿದಳು. ಆ ನೋಟದ ಮುಂದೆ ಪ್ರತಿಜ್ಞೆಯೆಲ್ಲ ಯಾವ ಲೆಕ್ಕ? ಇಡೀ ದಿನ ಕಟ್ಟಿಟ್ಟಿದ್ದ ಅಣೆಕಟ್ಟು ಒಡೆಯಿತು.

"ಸಾರ್, ಹುಡುಗ ಅಪರಂಜಿ! ಕುಡಿತ ಇಲ್ಲ, ಸಿಟ್ಟಿಲ್ಲ, ಕರೆಂಟು ಹೊಡೆದ್ರೂ ಸಿಟ್ಟಿಲ್ಲ! ನಾನು ಹೇಳದೇ ಇದ್ದದ್ದು ಪ್ರತಿಜ್ಞೆಗೋಸ್ಕರ. ನಂಬಿಕೆ ಇಲ್ವಾ? ಕೇಳಿ, ಈ ಬೇಕರಿಯವನು ಹಳೇ ಬನ್ನು ಬಿಸಿ ಮಾಡಿ ಸ್ಕೂಲಿಗೆ ಕೊಡ್ತಾನೆ, ಅದನ್ನೂ ನಾನು ಯಾರಿಗೂ ಹೇಳಲಿಲ್ಲ! ದರ್ಜಿ ಮಗನ ಪ್ಯಾಂಟು ಗಾಯನ ತಂಡದ ಬಟ್ಟೆ, ಹೇಳಿದ್ನಾ? ಟೀಚರಮ್ಮನ ತಲೆಗೆ ಬಣ್ಣ ಹೋಗೋದು ನನ್ನ ಅಂಗಡಿಯಿಂದ, ಬಾಯಿ ಬಿಟ್ಟಿದ್ದೀನಾ? ಅಂಥವನು ನಾನು!"

ಗಾಯನ ತಂಡದವರು ತಮ್ಮ ತೋಳುಗಳನ್ನು ನೋಡಿಕೊಂಡರು. ಬೇಕರಿಯವನು ಬೆಂಚಿನ ಕೆಳಗೆ ಬಿದ್ದಿರದ ಏನನ್ನೋ ಹುಡುಕತೊಡಗಿದ. ಟೀಚರಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಎದ್ದರು.

"ಫೇಲು," ಎಂದರು.

ಹುಡುಗಿಯ ತಂದೆ ನಿಧಾನವಾಗಿ ಕೇಳಿದರು: "ಮಧ್ಯಾಹ್ನ ದೇವರಿಗೆ ಹೆದರಿ ಸುಮ್ಮನಿದ್ದಿ. ಈಗ ಹೆಂಡತಿಗೆ ಹೆದರಿ ಹೊಗಳ್ತಿದ್ದೀಯ. ನಾನು ಯಾವುದನ್ನ ನಂಬಲಿ?"

ಉತ್ತರ ಕೇಳಲು ಅವರು ನಿಲ್ಲಲಿಲ್ಲ. ಹಿರಿಯರು ಅವರ ಹಿಂದೆ ಓಡಿದರು. ಬಾಮೈದ ಮಡಚಿದ ಕೈ ಬಿಡಿಸಿ ತನ್ನ ಉಗುರುಗಳನ್ನು ನೋಡುತ್ತಾ ಕೂತ. ಅವನನ್ನು ನೋಡಿ ರೇಡಿಯೋಗೆ ಅಳುವೇ ಬಂತು. ಕಳೆದ ಸಲ ಮಾತಾಡಿ ಕೆಡಿಸಿದ್ದ. ಈ ಸಲ ಸುಮ್ಮನಿದ್ದೂ ಕೆಡಿಸಿದ, ಮಾತಾಡಿಯೂ ಕೆಡಿಸಿದ.

ಪಾದ್ರಿಗಳು ಕೆಮ್ಮಿ, ಹೇಗಾದರೂ ಕೂಟವನ್ನು ಮುಂದಕ್ಕೆ ತಳ್ಳಲು, "ಬೇರೆ ಯಾರಾದ್ರೂ ಸಾಕ್ಷಿ ಕೊಡೋರಿದ್ದೀರಾ?" ಎಂದರು.

ರೇಡಿಯೋನ ಹೆಂಡತಿ ಎದ್ದು ನಿಂತಳು.

"ಮೊನ್ನೆ ಹೆಂಗಸರ ಪ್ರಾರ್ಥನೇಲಿ ನಾನೂ ಒಂದು ಗುರಿ ಇಟ್ಕೊಂಡೆ ಪಾದ್ರಿಗಳೇ. ಇವರಿಗೆ ಹೇಳಿರ್ಲಿಲ್ಲ. ಗಂಡ ಏನೇ ತಪ್ಪು ಮಾಡಿದ್ರೂ ಮನಸ್ಸಲ್ಲಿ ಇಟ್ಕೊಳ್ಳದೆ ಕ್ಷಮಿಸಿಬಿಡಬೇಕು ಅಂತ."

ರೇಡಿಯೋಗೆ ಹೋದ ಜೀವ ಬಂದಂತಾಯಿತು. ಕೃತಜ್ಞತೆಯಿಂದ ಕಣ್ಣು ತುಂಬಿ ಬಂತು.

"ಅದನ್ನ ಬದಲಾಯಿಸಬಹುದಾ ಅಂತ ಕೇಳೋಕೆ ಎದ್ದೆ," ಎಂದಳು ಅವಳು.

ಪಾದ್ರಿಗಳು ತಲೆ ಅಲ್ಲಾಡಿಸಿದರು. "ದೇವರ ಮುಂದೆ ಇಟ್ಟ ಗುರಿ. ಕಷ್ಟ ಆಯ್ತು ಅಂತ ಬದಲಾಯಿಸೋ ಹಾಗಿಲ್ಲಮ್ಮ."

ಅವಳು ಗಂಡನನ್ನು ಮೇಲಿಂದ ಕೆಳಗಿನವರೆಗೆ ಅಳೆದು ನೋಡಿದಳು.

"ಸರಿ ಪಾದ್ರಿಗಳೇ, ಬದಲಾಯಿಸಲ್ಲ. ಆದ್ರೆ ಜೀವನದ ಗುರಿ ಅಂದ್ರಲ್ಲ, ಮುಟ್ಟೋಕೆ ಜೀವನ ಪೂರ್ತಿ ಟೈಮ್ ಇರುತ್ತೆ ತಾನೇ? ನಂಗೇನೂ ಅವಸರ ಇಲ್ಲ," ಎಂದು ಹೇಳಿ ಕೂತುಕೊಂಡಳು.